ಎಡಗೈಯ ಬಟ್ಟಲು

"ಇನ್ನೆಷ್ಟು ವರ್ಷ ಬೇಕಪ್ಪ ಇದಕ್ಕೆ?"

ತೈಸ್ತೊ ಯಾರನ್ನೂ ಕೇಳಿದ್ದಲ್ಲ. ಕೇಳಿಸಿಕೊಳ್ಳುವವರು ಇದ್ದಾರೆಂದೂ ಅವನಿಗೆ ಗೊತ್ತಿರಲಿಲ್ಲ. ಮೇ ತಿಂಗಳ ಬೆಳಗು. ಸ್ಪ್ರೂಸ್ ಮರಗಳ ಬುಡದಲ್ಲಿ ಕೊಳೆಯಾದ ಹಿಮ ಅಲ್ಲಲ್ಲಿ ಅಂಗೈಯಗಲ ಉಳಿದಿತ್ತು. ಎದುರಿಗೊಂದು ಮುದಿ ಭೂರ್ಜ ಮರ, ಅದರ ಎದೆಮಟ್ಟದಲ್ಲಿ ಹಸುಗೂಸಿನ ತಲೆಯಷ್ಟು ದಪ್ಪದ ಗಂಟು. ಅವನು ಕೈಗವಸು ಕಳಚಿ ಗಂಟಿನ ಮೇಲೆ ಎಡ ಅಂಗೈ ಇಟ್ಟ. ತೊಗಟೆ ತಣ್ಣಗಿತ್ತು. ಕೈ ನಡುಗುತ್ತಿತ್ತು.

ಆ ಗಂಟು ಅವನದೆಂದು ಒಂಬತ್ತು ವರ್ಷಗಳಿಂದ ಮಾತಿತ್ತು. ಕಾಡು ಓಸ್ಮೊನದು, ಮರವೂ ಅವನದೇ. ಆ ನಾಡಿನಲ್ಲಿ ಯಾರ ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಹಣ್ಣು ಕಿತ್ತು ತಿನ್ನಬಹುದು. ನಿಂತ ಮರಕ್ಕೆ ಅಲಗು ತಾಗಿಸಬೇಕಾದರೆ ಮಾತ್ರ ಒಡೆಯನ ಬಾಯಿಂದ ಹೂಂ ಬರಬೇಕು. ಪ್ರತಿ ವಸಂತದಲ್ಲೂ ಓಸ್ಮೊ ಅವನ ಹೆಗಲ ಮೇಲೆ ಕೈ ಹಾಕಿ ಈ ಮರದ ತನಕ ಕರೆತರುತ್ತಿದ್ದ, ಗಂಟನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ, ನಿನ್ನ ಬಟ್ಟಲು ಇದರೊಳಗೇ ಕೂತಿದೆ, ಆದರೆ ಇನ್ನೂ ಎಳಸು, ಬಲಿಯಲಿ ಎನ್ನುತ್ತಿದ್ದ. ಶರತ್ಕಾಲದಲ್ಲಿ ಮತ್ತೆ ಅದೇ ಮಾತು. ಕೊಡುವ ಸುಖ ಒಂದೇ ಸಲದ್ದು. ಕೊಡುತ್ತೇನೆಂದು ಹೇಳಿ ಇಟ್ಟುಕೊಳ್ಳುವ ಸುಖ ವರ್ಷಕ್ಕೆ ಎರಡು ಸಲ ಸಿಗುತ್ತಿತ್ತು ಅವನಿಗೆ.

ಅವರು ಮೂವರು. ಪಟ್ಟಣದಲ್ಲಿ ಡ್ರೈವಿಂಗ್ ಶಾಲೆ ನಡೆಸುವ ಓಸ್ಮೊ, ಔಷಧದಂಗಡಿಯ ಅವನ ಹೆಂಡತಿ ಹೆಲ್ವಿ, ಅಂಚೆ ವಿಂಗಡಣೆಯ ಕೆಲಸದಿಂದ ನಿವೃತ್ತನಾದ ಒಂಟಿ ಮನುಷ್ಯ ತೈಸ್ತೊ. ಮೇ ತಿಂಗಳಲ್ಲಿ ಮೂರು ದಿನ, ಸೆಪ್ಟೆಂಬರಿನಲ್ಲಿ ಮೂರು ದಿನ ಈ ಕೆರೆಯ ದಂಡೆಗೆ ಬರುತ್ತಿದ್ದರು. ಒಂದು ಕೊಡಲಿ, ಒಂದು ಗರಗಸ, ಸೊಂಟಕ್ಕೊಂದು ಚೂರಿ, ಒಂದು ತುಂಡು ಕಿತ್ತಾನು. ಬೆಂಕಿಕಡ್ಡಿ ತರಬಾರದೆಂಬುದು ಅವರೇ ಮಾಡಿಕೊಂಡ ನಿಯಮ. ಉಕ್ಕಿಗೆ ಕಲ್ಲು ತಾಗಿಸಿ ಕಿಡಿ ಎಬ್ಬಿಸಬೇಕು. ಸ್ಪ್ರೂಸ್ ಸೊಪ್ಪಿನ ಹಾಸಿಗೆ, ಕೊಂಬೆ ನಿಲ್ಲಿಸಿ ಕಟ್ಟಿದ ಒಂಟಿ ಇಳಿಜಾರಿನ ಮಾಡು, ಕಡ್ಡಿಗೆ ಸಿಕ್ಕಿಸಿ ಸುಟ್ಟ ಸಾಸೇಜು, ಮಸಿ ಹಿಡಿದ ಕೆಟಲಿನ ಕಾಫಿ. ಯಾರಿಗೂ ಏನೂ ಸಾಬೀತು ಮಾಡಬೇಕಾಗಿಲ್ಲದ ಕೆಲಸ. ಚಕ್ಕೆ ಎದ್ದು ಬೀಳುವ ಸದ್ದು ಕೇಳುತ್ತ ಕೂತರೆ ತೈಸ್ತೊನಿಗೆ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತ ಹಾಗೆ ಆಗುತ್ತಿತ್ತು. ಅವನ ಅಜ್ಜಿ ಹಳೆಯ ಕಾಲದವಳು. ಕೊಡಲಿ ಎತ್ತುವ ಮೊದಲು ಮರದ ಎದುರು ನಿಂತು ಎಂಟೆಂಟು ಅಕ್ಷರದ ಸಾಲುಗಳನ್ನು ರಾಗವಾಗಿ ಹೇಳಿ ಕ್ಷಮೆ ಕೇಳುತ್ತಿದ್ದಳು. ಸಾಲುಗಳು ಅವನಿಗೆ ಮರೆತುಹೋಗಿದ್ದವು. ಲಯ ಕೈಯಲ್ಲಿ ಉಳಿದಿತ್ತು.

ಕಾಡಿಗೆ ಹೋಗುವವರ ಸೊಂಟದಲ್ಲಿ ಅಲ್ಲಿ ಒಂದು ಬಟ್ಟಲು ತೂಗುತ್ತದೆ, ಭೂರ್ಜದ ಗಂಟನ್ನು ಕೊರೆದು ಮಾಡಿದ್ದು, ಕುಕ್ಸಾ ಅನ್ನುತ್ತಾರೆ. ಅದನ್ನು ಕೊಳ್ಳಬಾರದು, ತನಗೆ ತಾನೇ ಕೆತ್ತಿಕೊಳ್ಳಬಾರದು. ಇನ್ನೊಬ್ಬರ ಕೈಯಿಂದ ಬಂದರೇ ಅದು ಬಟ್ಟಲು. ಓಸ್ಮೊನದನ್ನು ಕೆತ್ತಿಕೊಟ್ಟವನು ತೈಸ್ತೊ. ಹೆಲ್ವಿಯದೂ ಅವನೇ. ಅವರ ಮಕ್ಕಳಿಗೆ, ಅಳಿಯನಿಗೆ, ಓಸ್ಮೊನ ಶಾಲೆಯ ಇಬ್ಬರು ಶಿಕ್ಷಕರಿಗೆ, ಎಲ್ಲರಿಗೂ ಅವನ ಕೈಯದೇ. ಅವನು ಮಾತ್ರ ಕಾಫಿ ಕುಡಿಯುತ್ತಿದ್ದದ್ದು ಸೈನ್ಯದ ಕಾಲದ ಒಂದು ತಗಡಿನ ಲೋಟದಲ್ಲಿ. ಅದರಿಂದಲೇ ಹೆಲ್ವಿ ಅವನಿಗೆ ತಗಡು ತೈಸ್ತೊ ಎಂದು ಹೆಸರಿಟ್ಟಿದ್ದಳು. "ನಾವು ಕೆತ್ತಿದ್ರೆ ನಿನ್ ಕಣ್ಣಿಗೆ ಅದು ಹಂದಿ ತೊಟ್ಟಿ ಥರ ಕಾಣತ್ತೆ, ಬೇಡಪ್ಪ," ಎಂದು ನಗುತ್ತಿದ್ದಳು. ಹಂದಿಯ ತೊಟ್ಟಿಯಾದರೂ ಸರಿ ಎಂದು ಅವನು ಒಂದು ಸಲವೂ ಹೇಳಲಿಲ್ಲ. ಕೇಳಿ ಪಡೆದರೆ ಅದಕ್ಕೆ ಅರ್ಥವಿರಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ವೈದ್ಯರು ಅವನ ಎಡಗೈಯನ್ನು ಮೇಜಿನ ಮೇಲೆ ಇಡಿಸಿ ಬಹಳ ಹೊತ್ತು ನೋಡಿದ್ದರು. ಸುಮ್ಮನಿದ್ದಾಗ ನಡುಗುವ ಕೈ ಕೆಲಸಕ್ಕೆ ಹೂಡಿದರೆ ಸುಮ್ಮನಾಗುತ್ತದೆ, ಇನ್ನೊಂದಷ್ಟು ಕಾಲ ಹೀಗೇ ಇರುತ್ತದೆ, ಆಮೇಲೆ ಕೆಲಸದಲ್ಲೂ ನಡುಗುತ್ತದೆ ಎಂದಿದ್ದರು. ಅವನು ಎಡಗೈಯವನು. ಈ ಕಾಯಿಲೆಯ ಸುದ್ದಿ ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಚಳಿಗಾಲ ಕಳೆದರೆ ಕಾಡಿಗೆ ಬರುವುದೇ ಅನುಮಾನ. ಬಟ್ಟಲು ಬಂದರೂ ಅದನ್ನು ತುಂಬಿ ಹಿಡಿಯಲಾರ. ಈ ವರ್ಷ ಸಿಕ್ಕರೆ ಸಿಕ್ಕಿತು.

"ಇನ್ನು ಬೆಳೆಯೋದು ಬೇಡ ಬಿಡು," ಎಂದು ಹಿಂದಿನಿಂದ ಓಸ್ಮೊನ ದನಿ ಬಂತು. ಅವನ ಕೈಯಲ್ಲಿ ಗರಗಸವಿತ್ತು. "ಇವತ್ತು ಇಳಿಸೋಣ."

ತೈಸ್ತೊ ಒಂಬತ್ತು ವರ್ಷದಿಂದ ಕಾದಿದ್ದ ಮಾತು. ಆದರೂ ಅವನು ಮರದ ಪರವಾಗಿ ಒಂದು ಮಾತು ಆಡಿದ. ಈಗ ರಸ ಏರುವ ಕಾಲ, ಈಗ ಕೊಯ್ದರೆ ಮರ ವಾರಗಟ್ಟಲೆ ನೀರು ಸುರಿಸುತ್ತದೆ, ಚಳಿಗಾಲ ಬರಲಿ ಎಂದ. ಓಸ್ಮೊ ಗರಗಸದ ಹಲ್ಲನ್ನು ಹೆಬ್ಬೆರಳಿನಲ್ಲಿ ಸವರಿಕೊಳ್ಳುತ್ತ, "ನನ್ ಮರ, ನನ್ ನೀರು," ಎಂದ. ಹಾಗೆ ಗಂಟು ಇಳಿಯಿತು. ಬಿಳಿಯ ಗಾಯದಿಂದ ನೀರು ತೊಟ್ಟಿಕ್ಕಿ ಬೂಟಿನ ಮೇಲೆ ಬಿತ್ತು. ತೈಸ್ತೊ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ಓಸ್ಮೊ ಹೇಳಿದ್ದು ಇಷ್ಟು: ಒಂದು ಬಟ್ಟಲು ಕೆತ್ತಬೇಕು, ಸೆಪ್ಟೆಂಬರಿಗೆ ಸಿದ್ಧವಾಗಿರಬೇಕು, ಯಾರಿಗೆಂದು ಕೇಳಬಾರದು. ಹೊರಡುವಾಗ ನೆನಪಾದವನ ಹಾಗೆ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದ.

"ಹಿಡಿ ಎಡಗೈಗೆ ಕೂರೋ ಹಾಗಿರ್ಲಿ."

ಆ ಮೂವರಲ್ಲಿ ಎಡಗೈಯವನು ಒಬ್ಬನೇ.

ಆ ಬೇಸಿಗೆ ತೈಸ್ತೊನ ಬಾಳಿನಲ್ಲಿ ಒಳ್ಳೆಯ ಬೇಸಿಗೆ. ಅವರಿಗೆ ಕೆತ್ತಲು ಬರುವುದಿಲ್ಲ, ಆದ್ದರಿಂದ ನನ್ನ ಕೈಯಲ್ಲೇ ಮಾಡಿಸಿ ತಮ್ಮ ಕೈಯಿಂದ ಕೊಡುತ್ತಾರೆ. ಕೊಡುವುದು ಮುಖ್ಯವೇ ಹೊರತು ಕೆತ್ತುವುದಲ್ಲ ಎಂದು ಅವನು ತನಗೇ ಬುದ್ಧಿ ಹೇಳಿಕೊಂಡ. ಬಸ್ಸಿನಲ್ಲಿ ಊರಾಚೆಯ ಪೈನ್ ತೋಪಿಗೆ ಹೋಗಿ, ಬಂಡೆಗೆ ಬೆನ್ನು ಕೊಟ್ಟು ಕೂತು, ಬಾಗು ಚೂರಿಯಲ್ಲಿ ಒಳಗನ್ನು ಸುತ್ತಸುತ್ತ ತೋಡುತ್ತಿದ್ದ. ಚೂರಿ ಹಿಡಿದ ಕ್ಷಣ ಕೈ ನಿಲ್ಲುತ್ತಿತ್ತು. ಗಂಟಿನ ಒಳಗೆ ಸುಳಿಗಳಿದ್ದವು, ಹೊಳೆಯ ಮಡುವಿನ ಹಾಗೆ; ಸುಳಿ ಎತ್ತ ತಿರುಗಿದರೆ ಅಲಗೂ ಅತ್ತ. ಮಧ್ಯಾಹ್ನ ರೈ ರೊಟ್ಟಿಯ ಚೂರು ಬಾಯಿಗಿಟ್ಟುಕೊಂಡು ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದ, ಅಷ್ಟೇ ಪ್ರಾರ್ಥನೆ. ಬಟ್ಟಲಿನ ಗೋಡೆ ತೆಳುವಾಗುತ್ತ ಮೊಟ್ಟೆಯ ಚಿಪ್ಪಿನ ಸನಿಹಕ್ಕೆ ಬಂದಾಗ ಉಪ್ಪುನೀರಿನಲ್ಲಿ ಕುದಿಸಿದ, ಬಿರುಕು ಬಿಡದಿರಲೆಂದು ಕಾಗದದಲ್ಲಿ ಸುತ್ತಿ ಐದು ವಾರ ಮಂಚದ ಕೆಳಗೆ ಒಣಗಿಸಿದ, ಅಗಸೆ ಎಣ್ಣೆ ಉಜ್ಜಿದ, ಕಾಫಿ ಚರಟ ತಿಕ್ಕಿದ.

ಒಂದು ತಪ್ಪು ಮಾತ್ರ ಮಾಡಿದ. ಕೆತ್ತುವವನು ತನ್ನ ಕೈಯ ಅಳತೆ ಹಿಡಿಯಬಾರದು. ಅವನ ಎಡ ಹೆಬ್ಬೆರಳು ವಿಂಗಡಣೆಯ ಯಂತ್ರಕ್ಕೆ ಸಿಕ್ಕಿ ತುದಿ ಮೊಂಡಾಗಿತ್ತು, ಉಗುರಿರಲಿಲ್ಲ. ಒಂದು ದಿನ ಹಿಡಿಯನ್ನು ಮುಷ್ಟಿಯೊಳಗೆ ಇಟ್ಟು ನೋಡಿದಾಗ ಆ ಮೊಂಡು ಬೆರಳಿಗೆ ಕೂರಲು ಜಾಗವಿಲ್ಲವೆನಿಸಿತು. ಹಿಡಿಯ ಮೇಲೆ, ಅಂಚಿಗೆ ತೀರ ಹತ್ತಿರದಲ್ಲಿ, ಒಂದು ಸಣ್ಣ ಗುಳಿ ತೋಡಿದ. ಬೆರಳು ಅದರಲ್ಲಿ ಬಂದು ಮಲಗಿತು. ಬಟ್ಟಲನ್ನು ತುಟಿಗೆ ಮಾತ್ರ ತಾಗಿಸಲಿಲ್ಲ. ಅಷ್ಟು ನಿಯತ್ತು ಇಟ್ಟುಕೊಂಡಿದ್ದ.

ಸೆಪ್ಟೆಂಬರಿನ ಶುಕ್ರವಾರ ಕಾರಿನ ಹತ್ತಿರವೇ ಅವನು ಬಟ್ಟೆಯಲ್ಲಿ ಸುತ್ತಿದ ಬಟ್ಟಲನ್ನು ಓಸ್ಮೊನ ಕೈಗಿಟ್ಟ. ಓಸ್ಮೊ ಒಂದು ಮೂಲೆ ಸರಿಸಿ ನೋಡಿ, ಹೂಂ ಎಂದು ಚೀಲಕ್ಕೆ ಹಾಕಿಕೊಂಡ. ಹೆಲ್ವಿ ತೈಸ್ತೊನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಬೂಟಿನ ದಾರ ಕಟ್ಟಿಕೊಳ್ಳಲು ಬಾಗಿದಳು. ಈ ಸಲ ಅವರ ಜೊತೆ ಹೊಸಬಳೊಬ್ಬಳು ಬಂದಿದ್ದಳು: ಓಸ್ಮೊನ ತಂಗಿಯ ಮಗಳು ಯೊನ್ನಾ. ಮೂವತ್ತನಾಲ್ಕು ವರ್ಷದವಳು, ಗಂಡನನ್ನು ಬಿಟ್ಟು ದಕ್ಷಿಣದಿಂದ ಬಂದು ಇಲ್ಲಿಯ ದಂತ ಚಿಕಿತ್ಸಾಲಯದಲ್ಲಿ ಕೆಲಸ ಹಿಡಿದಿದ್ದಳು. ಆ ಊರಿನಲ್ಲಿ ಮಾವ ಅತ್ತೆಯನ್ನು ಬಿಟ್ಟರೆ ಅವಳಿಗೆ ಇನ್ನೂ ಯಾರೂ ಇರಲಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸಿ ಕೇಳುತ್ತಿದ್ದಳು.

ಶನಿವಾರ ಬೆಳಿಗ್ಗೆ ತೈಸ್ತೊ, ಯೊನ್ನಾ ಇಬ್ಬರೂ ಒಣಗಿ ನಿಂತ ಪೈನ್ ಹುಡುಕಿಕೊಂಡು ಜೊತೆಯಾಗಿ ನಡೆದರು. ಸಾಮಾನ್ಯವಾಗಿ ತೈಸ್ತೊ ಮಾತು ಕಡಿಮೆ. ಆದರೆ ಬಟ್ಟಲು ಕೊಡುವುದು ಕೊನೆಯ ದಿನ ಬೆಳಗಿನ ಕಾಫಿಗೇ ಎಂಬ ವಾಡಿಕೆಯಿಂದ, ನಾಳೆ ಏನಾಗಲಿದೆಯೆಂದು ಗೊತ್ತಿದ್ದವನಿಗೆ ಬಾಯಿ ಕಟ್ಟಲಾಗಲಿಲ್ಲ. ಮಾವನ ಸೊಂಟದ ಬಟ್ಟಲು ಎಲ್ಲಿ ಸಿಗುತ್ತದೆ ಎಂದು ಅವಳು ಕೇಳಿದ್ದೇ ತಡ, ಎಲ್ಲವನ್ನೂ ಹೇಳಿದ. ಸಿಗುವುದಿಲ್ಲ, ಬರುತ್ತದೆ ಎಂದ. ಸೋಪು ಹಾಕಿ ತೊಳೆಯಬಾರದು, ಖಾಲಿ ಇಡಬಾರದು ಎಂದ. ಒಂದು ಸಲ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸಬಾರದು ಎಂದು ಬೆರಳೆತ್ತಿ ಹೇಳಿದ. ಹೊಸಬರನ್ನು ಕೆಣಕಿ ನೋಡುವ ಆಟವೂ ನಮ್ಮ ಕಡೆ ಇದೆ, ಬಟ್ಟಲು ಸಿಕ್ಕಿದ ದಿನವೇ ಯಾರಾದರೂ ಬಂದು ಕೊಡು ಕೊಡು ಎಂದು ಪೀಡಿಸುತ್ತಾರೆ, ಕೊಟ್ಟವರು ಜನ್ಮವಿಡೀ ನಗೆಪಾಟಲು ಎಂದ.

"ಯಾರ್ ಕೇಳಿದ್ರೂ ಕೊಡಬಾರ್ದು. ನಾನೇ ಬಂದು ಅಂಗಲಾಚಿದ್ರೂ ಕೊಡಬೇಡ," ಎಂದು ನಕ್ಕ.

"ಅತ್ರೂನಾ?"

"ಅತ್ರೂ ಅಷ್ಟೇ. ನಂಬಬೇಡ."

ಅವಳೂ ನಕ್ಕಳು. ಆಮೇಲೆ ಅವರು ಒಂದು ಒಣಮರ ಕಂಡು ಕಡಿದು ಹೊತ್ತು ತಂದರು.

ಬೆಂಕಿಯ ಜಾಗಕ್ಕೆ ಬಂದ ಮೇಲೆ ತೈಸ್ತೊ ಅವಳಿಗೆ ಸುರುಳಿಕಡ್ಡಿ ಮಾಡುವುದನ್ನು ಕಲಿಸಲು ಕೂತ. ಒಣ ಪೈನಿನ ಸೀಳನ್ನು ಮಂಡಿಗೆ ಆನಿಸಿ, ಮೇಲಿನಿಂದ ಕೆಳಕ್ಕೆ ಚೂರಿ ಎಳೆದು, ಚಕ್ಕೆ ಉದುರಿಸದೆ ಗುಂಗುರು ಗುಂಗುರಾಗಿ ಎಬ್ಬಿಸಬೇಕು; ಅದಕ್ಕೆ ಒಂದು ಕಿಡಿ ಬಿದ್ದರೆ ಸಾಕು. ಅವನು ಒಂದು ಮಾಡಿ ತೋರಿಸಿ ಚೂರಿಯ ಹಿಡಿಯನ್ನು ಅವಳ ಕಡೆ ಚಾಚಿದ.

ಅವಳು ಎಡಗೈ ಚಾಚಿ ತೆಗೆದುಕೊಂಡಳು.

ತೈಸ್ತೊ ನೋಡುತ್ತ ಕೂತ. ಅವಳ ಎಡಗೈ ಚೂರಿಯನ್ನು ಚೆನ್ನಾಗಿಯೇ ಎಳೆಯಿತು. ಮೊದಲ ಸುರುಳಿ ಎದ್ದಾಗ ಅವಳು ತಲೆಯೆತ್ತಿ, ಎಲ್ಲರೂ ನನಗೆ ಉಲ್ಟಾ ಕಲಿಸುತ್ತಾರೆ, ನೀವೊಬ್ಬರೇ ನೇರ ಕಲಿಸಿದವರು ಎಂದಳು. ಅವನು ಇನ್ನೊಂದು ಸೀಳನ್ನು ಅವಳ ಮುಂದಿಟ್ಟ. ಲೋಕದಲ್ಲಿ ಎಡಗೈಯವರು ಎಷ್ಟೋ ಜನ, ಇದರಲ್ಲೇನಿದೆ ಎಂದು ಮನಸ್ಸಿಗೆ ಹೇಳಿದ. ನಿನ್ನೆ ಬಂದವಳಿಗೆ ಯಾರು ಬಟ್ಟಲು ಕೊಡುತ್ತಾರೆ ಎಂದು ಹೇಳಿದ. ಆ ಗಂಟು ನನ್ನದೆಂದು ಒಂಬತ್ತು ವರ್ಷ ಹೇಳಿದವನು ಓಸ್ಮೊ, ಬೇರೆ ಯಾರೂ ಅಲ್ಲ, ಎಂದು ಹೇಳಿದ. ಮೇ ತಿಂಗಳಲ್ಲಿ ಯೊನ್ನಾ ಈ ಊರಿಗೆ ಬಂದಿದ್ದಳೋ ಇಲ್ಲವೋ ಎಂಬ ಒಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಕೇಳಿಬಿಟ್ಟರೆ ಉತ್ತರ ಬಂದುಬಿಡುತ್ತದೆಂದು ನುಂಗಿಕೊಂಡ.

ಆ ಮಧ್ಯಾಹ್ನ ಅವನಿಗೆ ಕಾಡು ರುಚಿಸಲಿಲ್ಲ. ಗಂಟು ಕೊಯ್ದ ಭೂರ್ಜದ ಹತ್ತಿರ ಹೋದ. ಗಾಯದ ಅಂಚು ಕಪ್ಪಾಗಿತ್ತು, ಅದರೊಳಗೆ ಇರುವೆ ಸೇರಿದ್ದವು. ಮೇಲಿನ ಎಲೆ ಹಳದಿಯಾದದ್ದು ಶರತ್ಕಾಲಕ್ಕೋ ಬೇನೆಗೋ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕೆರೆಯ ಮೇಲೆ ಮಂಜು ಇನ್ನೂ ಕೂತಿತ್ತು. ಹೆಲ್ವಿ ಕೆಟಲಿಗೆ ಕಾಫಿ ಪುಡಿ ಹಾಕಿ ಕುದಿ ಬರುವುದನ್ನು ಕಾಯುತ್ತಿದ್ದಳು. ತೈಸ್ತೊ ತಗಡಿನ ಲೋಟವನ್ನು ಚೀಲದಿಂದ ಹೊರಗೆ ತೆಗೆದಿರಲಿಲ್ಲ. ಹೆಲ್ವಿ ಅದನ್ನು ಗಮನಿಸಿದಳು.

"ಯಾಕೋ ತಗಡು, ಇವತ್ತು ಕಾಫಿ ಬೇಡ್ವಾ?" ಎಂದು ಕೇಳಿ ತುಟಿ ಕಚ್ಚಿಕೊಂಡಳು.

ಅವನು ನಿಧಾನವಾಗಿ ಲೋಟ ತೆಗೆದು ಎದುರಿನ ಕಲ್ಲಿನ ಮೇಲೆ ಇಟ್ಟ.

ಓಸ್ಮೊ ಬಟ್ಟೆಯ ಗಂಟನ್ನು ಹಿಡಿದು ಎದ್ದು ನಿಂತ. ಇಂಥ ಹೊತ್ತಿನಲ್ಲಿ ನಾಲ್ಕು ಮಾತಾಡುವುದು ವಾಡಿಕೆ. ಈ ಬಟ್ಟಲು ಬೆಳೆದದ್ದು ನನ್ನ ಕಾಡಿನಲ್ಲಿ ಎಂದ. ಬಹಳ ವರ್ಷ ಕಾದದ್ದು, ಬೇಗ ಕೊಟ್ಟಿದ್ದರೆ ಇಷ್ಟು ದೊಡ್ಡದಾಗುತ್ತಿರಲಿಲ್ಲ ಎಂದ. ಮಾತಾಡುತ್ತ ಅವನ ಕಣ್ಣು ತೈಸ್ತೊನನ್ನು ಬಿಡಲಿಲ್ಲ. "ನಮ್ ಗುಂಪಲ್ಲಿ ಒಂದ್ ಎಡಗೈ ಇದೆ," ಎಂದ, "ಪಾಪ, ಬಟ್ಟಲಿಲ್ಲದೆ ಒಣಗ್ತಾ ಇದೆ." ಹೀಗೆಂದು ಒಂದು ಹೆಜ್ಜೆ ತೈಸ್ತೊನ ಕಡೆಗೆ ಇಟ್ಟ.

ನಿನ್ನೆಯ ಅನುಮಾನವೆಲ್ಲ ಆ ಒಂದು ಹೆಜ್ಜೆಗೆ ಕರಗಿತು. ತೈಸ್ತೊ ಮರದ ದಿಮ್ಮಿಯಿಂದ ಅರ್ಧ ಎದ್ದ, ಎಡಗೈ ತಾನಾಗಿ ಮುಂದೆ ಬಂತು.

ಓಸ್ಮೊ ಅಲ್ಲಿಂದ ಬಲಕ್ಕೆ ತಿರುಗಿ ಬಟ್ಟಲನ್ನು ಯೊನ್ನಾಳ ಮಡಿಲಿಗೆ ಇಟ್ಟ.

"ಕೂತ್ಕೋ ತೈಸ್ತೊ," ಎಂದ, "ಕಾಫಿ ಚೆಲ್ಲತ್ತೆ."

ಹೆಲ್ವಿಗೆ ನಗು ತಡೆಯಲಾಗಲಿಲ್ಲ. ಅವಳು ತನ್ನ ಬಟ್ಟಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು; ಏಳು ವರ್ಷದ ಹಿಂದೆ ತೈಸ್ತೊ ಕೆತ್ತಿಕೊಟ್ಟ ಬಟ್ಟಲು, ಅಂಚಿನಲ್ಲಿ ಅವಳ ಇಷ್ಟದ ಹಕ್ಕಿಯ ಗುರುತು. ಹೇಳಿರಲಿಲ್ಲವಾ, ಎದ್ದೇ ಏಳುತ್ತಾನೆ ಅಂತ, ಎಂದು ಗಂಡನಿಗೆ ಮೆಲ್ಲಗೆ ಅಂದಳು. ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು.

ಯೊನ್ನಾ ಇದೇನನ್ನೂ ಗಮನಿಸಲಿಲ್ಲ. ಅವಳು ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದು ಒಳಗಿನ ಸುಳಿಗಳನ್ನು ನೋಡುತ್ತಿದ್ದಳು. ಮದುವೆ ಮುರಿದು, ಮನೆ ಬಿಟ್ಟು, ಗೊತ್ತಿಲ್ಲದ ಊರಿಗೆ ಬಂದವಳಿಗೆ ಅದು ಬಟ್ಟಲಷ್ಟೇ ಆಗಿರಲಿಲ್ಲ. ಅವಳ ಕಣ್ಣು ತುಂಬಿತ್ತು. ಎಡಗೈಗೆ ತೆಗೆದುಕೊಂಡಳು. ಹಿಡಿ ಮುಷ್ಟಿಯಲ್ಲಿ ಕೂತಿತು, ಹೆಬ್ಬೆರಳು ಮಾತ್ರ ಎಲ್ಲಿಡಬೇಕೆಂದು ತಿಳಿಯದೆ ಗುಳಿಯನ್ನು ದಾಟಿ ಅಂಚಿಗೆ ಹೋಗಿ ನಿಂತಿತು. ಇಲ್ಲೊಂದು ಹಳ್ಳವಿದೆಯಲ್ಲ, ಇದು ಯಾಕೆ ಎಂದು ಅವಳು ಮುಗ್ಧವಾಗಿ ಕೇಳಿದಳು.

ಓಸ್ಮೊ ಬಾಗಿ ನೋಡಿದ. ತನ್ನ ಹೆಬ್ಬೆರಳನ್ನು ಇಟ್ಟು ನೋಡಿದ, ಕೂರಲಿಲ್ಲ. ಆಮೇಲೆ ಅವನ ಮುಖದಲ್ಲಿ ಬೆಳಕು ಬಂತು. ಅವನು ಬಟ್ಟಲನ್ನು ಇಸಿದುಕೊಂಡು ತೈಸ್ತೊನ ಹತ್ತಿರ ಬಂದು, ಅವನ ಮಣಿಕಟ್ಟು ಹಿಡಿದು, ಹಿಡಿಯನ್ನು ಅವನ ಮುಷ್ಟಿಗೆ ಸೇರಿಸಿದ. ಉಗುರಿಲ್ಲದ ಮೊಂಡು ಬೆರಳು ಗುಳಿಯೊಳಗೆ ಹೋಗಿ ಮಲಗಿತು, ಕೂಸು ತೊಟ್ಟಿಲಲ್ಲಿ ಮಲಗಿದ ಹಾಗೆ.

"ಅಯ್ಯೋ ಹೆಲ್ವಿ, ಬಾ ನೋಡು. ಅಳತೆನೂ ತಗೊಂಡಿದ್ದಾನೆ ಕಳ್ಳ," ಎಂದು ಓಸ್ಮೊ ತೊಡೆ ತಟ್ಟಿಕೊಂಡ. "ಬೇಸಿಗೆಯೆಲ್ಲ ಇದರಲ್ಲೇ ಕುಡಿದ್ಯೇನೋ? ನಿಜ ಹೇಳು."

ಕುಡಿದಿಲ್ಲ ಎಂದು ತೈಸ್ತೊ ಹೇಳಿದ. ತುಟಿಗೆ ತಾಗಿಸಿಲ್ಲ ಎಂದು ಇನ್ನೊಂದು ಸಲ ಹೇಳಿದ. ಹೆಲ್ವಿ ಬಂದು ಬೆರಳನ್ನೂ ಗುಳಿಯನ್ನೂ ನೋಡಿ, ತನಗೆ ತಾನೇ ಉಡುಗೊರೆ ಕೆತ್ತಿಕೊಂಡವನನ್ನು ಇದೇ ಮೊದಲು ನೋಡಿದ್ದು, ಔಷಧದಂಗಡಿಯಲ್ಲಿ ಎಲ್ಲರಿಗೂ ಹೇಳಬೇಕು ಎಂದಳು. ಓಸ್ಮೊ ಬಟ್ಟಲನ್ನು ಅವನ ಮುಷ್ಟಿಯಿಂದ ಬಿಡಿಸಿ ಮತ್ತೆ ಯೊನ್ನಾಳಿಗೆ ಕೊಟ್ಟ. ಬಿಡಿಸುವಾಗ ಬೆರಳು ಒಂದೊಂದಾಗಿ ತೆಗೆಯಬೇಕಾಯಿತು. ಕೈ ಖಾಲಿಯಾದದ್ದೇ ನಡುಕ ಶುರುವಾಯಿತು; ಮಂಡಿಯ ಮೇಲೆ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅವನು ತಗಡಿನ ಲೋಟ ಹಿಡಿದುಕೊಳ್ಳಲು ಹೋದ, ಅದು ಕಲ್ಲಿನ ಮೇಲೆ ಟಕಟಕ ಸದ್ದು ಮಾಡಿತು. ಕೋಪಕ್ಕೆ ಕೈ ನಡುಗುತ್ತಿದೆಯೆಂದು ಹೆಲ್ವಿ ತಿಳಿದಳು, ಅದಕ್ಕೂ ನಕ್ಕಳು.

ಯೊನ್ನಾ ಬಟ್ಟಲಿಗೆ ಕಾಫಿ ಹಾಕಿಸಿಕೊಂಡಿದ್ದಳು. ಮೊದಲ ಗುಟುಕಿಗೆ ತುಟಿ ಮುಂದೆ ಮಾಡಿದಳು.

ತೈಸ್ತೊ ಎದ್ದು ಬೆಂಕಿಯನ್ನು ಸುತ್ತಿಕೊಂಡು ಅವಳ ಮುಂದೆ ಬಂದ. ಅರವತ್ತನಾಲ್ಕು ವರ್ಷದ ಮನುಷ್ಯ, ಸ್ಪ್ರೂಸ್ ಸೊಪ್ಪಿನ ಮೇಲೆ ಮಂಡಿಯೂರಿದ. ಇಷ್ಟು ವರ್ಷ ಯಾವ ಮಾತನ್ನು ಆಡಬಾರದೆಂದು ಬಾಯಿ ಬಿಗಿದಿದ್ದನೋ ಆ ಮಾತು ಬಂದೇಬಿಟ್ಟಿತು.

"ಯೊನ್ನಾ, ಕುಡೀಬೇಡಮ್ಮ. ಅದನ್ನ ನನಗೆ ಕೊಡು. ನೀನು ಕೊಟ್ರೆ ಸಾಕು, ಕೊಟ್ಟೆ ಅಂತ ಒಂದ್ ಮಾತು ಹೇಳು. ನಿಂಗೆ ಬೇರೆ ಮಾಡ್ಕೊಡ್ತೀನಿ." ಮಾಡಿಕೊಡಲಾರೆನೆಂದು ಅವನಿಗೆ ಗೊತ್ತಿತ್ತು. "ನನ್ ಕೈ ಹೋಗ್ತಾ ಇದೆ. ಇನ್ನೊಂದ್ ವರ್ಷಕ್ಕೆ ನನ್ನಿಂದ ಹಿಡಿಯೋಕೂ ಆಗಲ್ಲ."

ಅವನ ಕೆನ್ನೆಯ ಮೇಲೆ ನೀರು ಇಳಿಯಿತು. ಓಸ್ಮೊ ನಗುವುದನ್ನು ನಿಲ್ಲಿಸಿದ. ನಿಲ್ಲಿಸಿದ್ದು ಅಯ್ಯೋ ಎಂದಲ್ಲ, ಮುಂದೇನಾಗುತ್ತದೆಂದು ನೋಡಲು.

ಯೊನ್ನಾ ಒಂದು ಗಳಿಗೆ ಗಾಬರಿಯಾದಳು. ಆ ಮುಖ, ಆ ನಡುಗುವ ಕೈ, ಆ ಕಣ್ಣೀರು ನೋಡಿದಳು. ಆಮೇಲೆ ಅವಳಿಗೆ ನಿನ್ನೆಯ ಕಾಡುದಾರಿ ನೆನಪಾಯಿತು, ಎತ್ತಿದ ಬೆರಳು ನೆನಪಾಯಿತು, ಎಲ್ಲವೂ ಅರ್ಥವಾಯಿತು. ಮುಖ ಅರಳಿತು. ಎಷ್ಟು ಚೆನ್ನಾಗಿ ಆಡುತ್ತಾರೆ ಎಂದು ಅವಳು ಮಾವನ ಕಡೆ ಕಣ್ಣು ಮಿಟುಕಿಸಿದಳು. ಬಟ್ಟಲನ್ನು ಎದೆಗೆ ಅವಚಿಕೊಂಡು, ಪರೀಕ್ಷೆಯಲ್ಲಿ ಗೆದ್ದ ಮಗುವಿನ ಹಾಗೆ ಗಟ್ಟಿಯಾಗಿ ಹೇಳಿದಳು:

"ಊಹೂಂ. ಅತ್ರೂ ಅಷ್ಟೇ. ಕೊಡೋದಿಲ್ಲ."